ಜಾಲಹಳ್ಳಿಯಿಂದ ಅರ್ಕಾವತಿಯವರೆಗೆ: ನಮ್ಮ ಕೇಂದ್ರ ನಡೆದು ಬಂದ ಹಾದಿ

ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು ಹೆಸರಘಟ್ಟದ ಕಡೆಗೆ ಇಳಿಯುವ ಅರ್ಕಾವತಿ ನದಿಯ ಹೆಸರು ಹೊತ್ತ ಆವರಣದಲ್ಲಿ ಇಂದು ನಮ್ಮ ಸಂಸ್ಥೆ ನೆಲೆ ನಿಂತಿದೆ. ಸೆಂಟರ್ ಫಾರ್ ನ್ಯಾನೊ ಅಂಡ್ ಸಾಫ್ಟ್ ಮ್ಯಾಟರ್ ಸೈನ್ಸಸ್ ಎಂಬುದು ಅದರ ಪೂರ್ಣ ಹೆಸರು. ನಮಗೆಲ್ಲ ಅದು ‘ಸೆನ್ಸ್’. 1991ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದ ಈ ಕೇಂದ್ರ ಮೂರೂವರೆ ದಶಕಗಳನ್ನು ಪೂರೈಸಿದೆ. ಇಲ್ಲಿ ಸಂಶೋಧನೆ ಮಾಡಿದವರು, ಉಪಕರಣಗಳನ್ನು ಕಾಪಾಡಿದವರು, ಕಚೇರಿಯ ಕಡತಗಳನ್ನು ನಡೆಸಿದವರು, ಡಾಕ್ಟರೇಟ್ ಪಡೆದು ದೇಶವಿದೇಶಗಳಿಗೆ ಹೋದವರು, ಹೀಗೆ ದೊಡ್ಡದೊಂದು ಬಳಗ ಇದರ ಸುತ್ತ ಬೆಳೆದಿದೆ. ಬಾಶೆಟ್ಟಿಹಳ್ಳಿಯಂಥ ಕೈಗಾರಿಕಾ ಊರಿನಿಂದ ಬಂದು ಈ ಕೇಂದ್ರದ ನೆರಳಿನಲ್ಲಿ ಬದುಕು ಕಟ್ಟಿಕೊಂಡ ನನ್ನಂಥವರೂ ಆ ಬಳಗಕ್ಕೆ ಸೇರಿದವರು. ಅವರೆಲ್ಲರ ಪರವಾಗಿ, ಸಂಸ್ಥಾಪಕರನ್ನೂ ಆಶ್ರಯದಾತರನ್ನೂ ಕೃತಜ್ಞತೆಯಿಂದ ನೆನೆಯುತ್ತ ಈ ಲೇಖನವನ್ನು ಸ್ಮರಣ ಸಂಚಿಕೆಗೆ ಅರ್ಪಿಸುತ್ತಿದ್ದೇನೆ.

ಕೇಂದ್ರದ ಕಥೆ ಎಂದರೆ ಮೊದಲಿಗೆ ಪ್ರೊಫೆಸರ್ ಶಿವರಾಮಕೃಷ್ಣ ಚಂದ್ರಶೇಖರ್ ಅವರ ಕಥೆ. ಅವರು ಹುಟ್ಟಿದ್ದು 1930ರ ಆಗಸ್ಟ್ 6ರಂದು, ಕಲ್ಕತ್ತೆಯಲ್ಲಿ. ಅವರ ಸೋದರಮಾವ ಸರ್ ಸಿ.ವಿ. ರಾಮನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದೂ ಅದೇ ವರ್ಷ. ಬೆಳಕಿನ ವಿಜ್ಞಾನದಲ್ಲಿ ‘ಪಂಚರತ್ನಂ ಫೇಸ್’ ಎಂದು ಇಂದಿಗೂ ಹೆಸರಾಗಿರುವ ಶೋಧವನ್ನು 1956ರಲ್ಲಿ ಮಾಡಿದ ಎಸ್. ಪಂಚರತ್ನಂ, ಚಂದ್ರಶೇಖರ್ ಅವರ ಒಡಹುಟ್ಟಿದ ತಮ್ಮ. ಇಂಥ ಮನೆತನದಲ್ಲಿ ಹುಟ್ಟಿದರೂ ಚಂದ್ರಶೇಖರ್ ಅವರು ತಮ್ಮ ಹಾದಿಯನ್ನು ತಾವೇ ಕಡಿದುಕೊಂಡರು. ನಾಗಪುರ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು, ರಾಮನ್ ಅವರ ಮಾರ್ಗದರ್ಶನದಲ್ಲಿ ಸ್ಫಟಿಕಗಳ ಮೂಲಕ ಹಾಯುವ ಬೆಳಕನ್ನು ಅಭ್ಯಾಸ ಮಾಡಿದರು. 1954ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಹೋದರು.

ಇಂಗ್ಲೆಂಡಿನಲ್ಲೇ ಉಳಿಯಬಹುದಾಗಿದ್ದ ಅವರು 1961ರಲ್ಲಿ ಮೈಸೂರಿಗೆ ಬಂದರು. ಕುವೆಂಪು ಅವರು ಕುಲಪತಿಗಳಾಗಿದ್ದಾಗ ಕನಸು ಕಂಡು ಕಟ್ಟಿದ ಮಾನಸಗಂಗೋತ್ರಿ ಆಗಷ್ಟೇ ಕಣ್ಣು ಬಿಟ್ಟಿತ್ತು. ಅಲ್ಲಿನ ಸ್ನಾತಕೋತ್ತರ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾಗಿ ಹತ್ತು ವರ್ಷ ದುಡಿದರು. ಹೊಸ ವಿಭಾಗ ಎಂದ ಮೇಲೆ ಎಲ್ಲವನ್ನೂ ಮೊದಲಿನಿಂದ ಹೊಂದಿಸಿಕೊಳ್ಳಬೇಕು. ಅಂಥ ಕಡೆ ಕುಳಿತು, ಲೋಕದ ಹೆಚ್ಚಿನ ಭೌತವಿಜ್ಞಾನಿಗಳು ತಿರುಗಿಯೂ ನೋಡದಿದ್ದ ಒಂದು ವಿಷಯವನ್ನು ಅವರು ಆರಿಸಿಕೊಂಡರು. ಅದೇ ದ್ರವಸ್ಫಟಿಕ.

ಈ ವಸ್ತುವಿನ ಬಗ್ಗೆ ಸ್ವಲ್ಪ ಹೇಳಬೇಕು. ಇದನ್ನು ಅರಿಯದೆ ನಮ್ಮ ಕೇಂದ್ರದ ಮುಂದಿನ ಹೆಜ್ಜೆಗಳು ಅರ್ಥವಾಗುವುದಿಲ್ಲ. 1888ರಲ್ಲಿ ಪ್ರಾಗ್ ನಗರದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಅವರು ಕೊಲೆಸ್ಟರಾಲ್‌ಗೆ ಸಂಬಂಧಿಸಿದ ಒಂದು ಪದಾರ್ಥವನ್ನು ಕಾಯಿಸುತ್ತಿದ್ದರು. 145.5 ಡಿಗ್ರಿಯಲ್ಲಿ ಅದು ಕರಗಿ ಮಬ್ಬಾದ ದ್ರವವಾಯಿತು, 178.5 ಡಿಗ್ರಿಗೆ ಏರಿದಾಗ ಒಮ್ಮೆಲೇ ತಿಳಿಯಾಯಿತು. ನಡುವೆ ಇದ್ದ ಆ ಮಬ್ಬಿನ ಸ್ಥಿತಿಯೇ ದ್ರವಸ್ಫಟಿಕ. ಅದು ದ್ರವದಂತೆ ಹರಿಯುತ್ತದೆ, ಆದರೆ ಒಳಗಿನ ಅಣುಗಳು ಸ್ಫಟಿಕದಲ್ಲಿ ಇರುವಂತೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತವೆ. ಆ ಅಣುಗಳ ಉದ್ದ ಎರಡು ಮೂರು ನ್ಯಾನೊಮೀಟರ್, ಎಂದರೆ ಮೀಟರಿನ ನೂರು ಕೋಟಿ ಭಾಗಗಳಲ್ಲಿ ಎರಡು ಮೂರು ಭಾಗ ಮಾತ್ರ. ಸಣ್ಣದೊಂದು ವಿದ್ಯುತ್ ಒತ್ತಡ ಕೊಟ್ಟರೆ ಅವು ಒಟ್ಟಿಗೆ ತಿರುಗಿ ನಿಲ್ಲುತ್ತವೆ. ಬೆಳಕು ಹಾಯುವ ಬಗೆ ಬದಲಾಗುತ್ತದೆ. ಕೈಗಡಿಯಾರದ ಅಂಕಿಯಿಂದ ಹಿಡಿದು ಟಿ.ವಿ. ಪರದೆಯವರೆಗೆ ಎಲ್.ಸಿ.ಡಿ. ಎಂಬುದೆಲ್ಲ ಕೆಲಸ ಮಾಡುವುದು ಈ ಒಂದು ಗುಣದ ಮೇಲೆ.

1970ರ ನವೆಂಬರಿನಲ್ಲಿ ರಾಮನ್ ತೀರಿಕೊಂಡರು. ಮರುವರ್ಷ ಚಂದ್ರಶೇಖರ್ ಅವರು ಮೈಸೂರಿನಿಂದ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದ್ರವಸ್ಫಟಿಕ ಪ್ರಯೋಗಾಲಯ ಕಟ್ಟಿದರು. ಮೈಸೂರಿನಲ್ಲಿ ಅವರ ಜೊತೆ ಪಳಗಿದ ಎನ್.ವಿ. ಮಧುಸೂದನ, ಜಿ.ಎಸ್. ರಂಗನಾಥ್, ಆರ್. ಶಶಿಧರ್ ಮೊದಲಾದವರು ಇಲ್ಲಿಯೂ ಅವರೊಂದಿಗಿದ್ದರು. ಎರಡೇ ವರ್ಷಗಳಲ್ಲಿ, 1973ರ ಡಿಸೆಂಬರಿನಲ್ಲಿ, ದ್ರವಸ್ಫಟಿಕಗಳ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು.

ಆಮೇಲೆ ಬಂದದ್ದು 1977. ಅದುವರೆಗೆ, ಸುಮಾರು ತೊಂಬತ್ತು ವರ್ಷಗಳ ಕಾಲ, ದ್ರವಸ್ಫಟಿಕವಾಗುವುದಕ್ಕೆ ಅಣು ಕಡ್ಡಿಯ ಆಕಾರದಲ್ಲಿರಬೇಕು ಎಂದೇ ಎಲ್ಲರೂ ನಂಬಿದ್ದರು. ತಟ್ಟೆಯ ಆಕಾರದ ಅಣುಗಳೂ ಆ ಸ್ಥಿತಿಗೆ ಬರಬಾರದೇಕೆ ಎಂದು ಕೇಳಿದವರು ಚಂದ್ರಶೇಖರ್. ರಸಾಯನವಿಜ್ಞಾನಿ ಬಿ.ಕೆ. ಸದಾಶಿವ ಮತ್ತು ಭೌತವಿಜ್ಞಾನಿ ಕೆ.ಎ. ಸುರೇಶ್ ಅವರ ಜೊತೆಗೂಡಿ ಆ ಪ್ರಶ್ನೆಯ ಬೆನ್ನು ಹತ್ತಿದರು. ಬೆಂಜೀನಿನ ಉಂಗುರದ ಆರೂ ಮೂಲೆಗಳಿಗೆ ಉದ್ದುದ್ದನೆಯ ಇಂಗಾಲದ ಸರಪಳಿಗಳನ್ನು ಜೋಡಿಸಿದ ಅಣುಗಳನ್ನು ತಯಾರಿಸಿದರು. ಆ ಪದಾರ್ಥದ ಚಿಟಿಕೆಯಷ್ಟನ್ನು ಎರಡು ಗಾಜಿನ ನಡುವೆ ಇಟ್ಟು, ಕೆಳಗಿನಿಂದ ನಿಧಾನವಾಗಿ ಕಾಯಿಸುತ್ತ, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸಾಮಾನ್ಯ ದ್ರವವಾದರೆ ನೋಟದಲ್ಲಿ ಕತ್ತಲೆ. ಇದು ಹಾಗಾಗಲಿಲ್ಲ. ಎಂಬತ್ತು ಡಿಗ್ರಿಯ ಆಸುಪಾಸಿನಲ್ಲಿ ಕರಗಿದ ಮೇಲೂ ಬಣ್ಣದ ವಿನ್ಯಾಸ ಉಳಿದಿತ್ತು. ಕೆಲವೇ ಡಿಗ್ರಿ ಮೇಲೇರಿದಾಗ ಮಾತ್ರ ಮಾಯವಾಯಿತು. ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ ಒಳಗಿನ ರಚನೆ ತಿಳಿಯಿತು: ತಟ್ಟೆಯಂಥ ಅಣುಗಳು ಒಂದರ ಮೇಲೊಂದು ಕುಳಿತು ಕಂಬಗಳಾಗಿದ್ದವು, ಕಂಬಗಳು ಷಟ್ಕೋನದ ಜಾಲವಾಗಿ ನಿಂತಿದ್ದವು.

ಈ ಶೋಧವನ್ನು ಅವರು ಪ್ರಕಟಿಸಿದ್ದು ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ. ಲೋಕವೇ ಹುಡುಕಿಕೊಂಡು ಬಂದು ಓದಿತು. ‘ಡಿಸ್ಕಾಟಿಕ್’ ದ್ರವಸ್ಫಟಿಕ ಎಂಬ ಹೊಸ ಕುಲವೇ ಅಲ್ಲಿಂದ ಆರಂಭವಾಯಿತು. ಎಲ್.ಸಿ.ಡಿ. ಪರದೆಯನ್ನು ಓರೆಯಾಗಿ ಕುಳಿತು ನೋಡಿದರೂ ಚಿತ್ರ ಕೆಡದಂತೆ ಕಾಯುವ ತೆಳು ಪೊರೆಗಳಲ್ಲಿ ಮುಂದೆ ಇದೇ ತಟ್ಟೆಯಾಕಾರದ ಅಣುಗಳು ಬಳಕೆಗೆ ಬಂದವು. ಅದೇ 1977ರಲ್ಲಿ ಅವರ ‘ಲಿಕ್ವಿಡ್ ಕ್ರಿಸ್ಟಲ್ಸ್’ ಗ್ರಂಥವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತಂದಿತು. 1983ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೊ ಆದರು. 1990ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ದ್ರವಸ್ಫಟಿಕ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷರು.

ಅರವತ್ತು ತುಂಬಿ ನಿವೃತ್ತರಾದ ಮೇಲೆ ಇಷ್ಟು ಕೀರ್ತಿ ಪಡೆದವರು ಮನೆಯಲ್ಲಿ ನೆಮ್ಮದಿಯಾಗಿ ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಮಾಡಿದ್ದು ಬೇರೆ. ದ್ರವಸ್ಫಟಿಕಗಳಿಗೆಂದೇ ಮೀಸಲಾದ ಒಂದು ಸಂಸ್ಥೆ ಭಾರತದಲ್ಲಿ ಇರಬೇಕು, ಅಲ್ಲಿ ಮೂಲವಿಜ್ಞಾನವೂ ಅದರಿಂದ ಹುಟ್ಟುವ ತಂತ್ರಜ್ಞಾನವೂ ಒಂದೇ ಸೂರಿನಡಿ ಬೆಳೆಯಬೇಕು ಎಂದು ಹೊರಟರು. ಆ ಕಾಲ ಎಂಥದ್ದೆಂಬುದು ಹಿರಿಯರಿಗೆ ನೆನಪಿದೆ. 1991ರಲ್ಲಿ ದೇಶದ ವಿದೇಶಿ ವಿನಿಮಯ ಬರಿದಾಗುವ ಮಟ್ಟಕ್ಕೆ ಬಂದು, ಚಿನ್ನ ಅಡವಿಟ್ಟು ದಿನ ದೂಡಬೇಕಾಗಿತ್ತು. ಹೊರದೇಶದ ಒಂದು ಉಪಕರಣ ತರಿಸುವುದೂ ದೊಡ್ಡ ಸಾಹಸವಾಗಿದ್ದ ಆ ವರ್ಷದಲ್ಲೇ ಸೆಂಟರ್ ಫಾರ್ ಲಿಕ್ವಿಡ್ ಕ್ರಿಸ್ಟಲ್ ರಿಸರ್ಚ್ ಒಂದು ನೋಂದಾಯಿತ ವೈಜ್ಞಾನಿಕ ಸಂಘವಾಗಿ ಹುಟ್ಟಿತು.

ಹುಟ್ಟಿದ ಕೂಸಿಗೆ ತೊಟ್ಟಿಲು ಕೊಟ್ಟದ್ದು ಭಾರತ್ ಎಲೆಕ್ಟ್ರಾನಿಕ್ಸ್. ಇದನ್ನು ನಾವು ಎಷ್ಟು ಸಲ ನೆನೆದರೂ ಕಡಿಮೆಯೇ. 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಬಿ.ಇ.ಎಲ್., ಅರವತ್ತರ ದಶಕದ ಆರಂಭದಲ್ಲೇ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳನ್ನು ತಯಾರಿಸಿ ಈ ನಾಡಿಗೆ ಅರೆವಾಹಕಗಳ ರುಚಿ ತೋರಿಸಿದ ಕಾರ್ಖಾನೆ. ಅದು ಜಾಲಹಳ್ಳಿಯಲ್ಲಿ ನಮ್ಮ ಕೇಂದ್ರಕ್ಕೆ ನೆಲೆ ಒದಗಿಸಿತು. ಕಾರ್ಖಾನೆಯೊಂದು, ಅದೂ ಸಾರ್ವಜನಿಕ ರಂಗದ ಕಾರ್ಖಾನೆಯೊಂದು, ನಾಳೆಗೇ ಲಾಭ ತರುವ ಭರವಸೆಯಿಲ್ಲದ ಮೂಲವಿಜ್ಞಾನಕ್ಕೆ ಜಾಗ ಬಿಟ್ಟುಕೊಟ್ಟಿತು ಎಂಬುದು ಅಂದಿನ ಜಾಲಹಳ್ಳಿಯ ಹಿರಿಮೆ. ಅದೇ 1991ರಲ್ಲಿ ಭೌತಶಾಸ್ತ್ರದ ನೊಬೆಲ್ ಫ್ರಾನ್ಸಿನ ಪಿಯೇರ್-ಜೀಲ್ ದ ಜೆನ್ ಅವರಿಗೆ ಸಂದಿತು. ಅದು ಸಂದದ್ದು ದ್ರವಸ್ಫಟಿಕ ಮತ್ತು ಪಾಲಿಮರ್‌ಗಳ ಕುರಿತ ಅವರ ಕೆಲಸಕ್ಕೆ. ಮಾನಸಗಂಗೋತ್ರಿಯಲ್ಲಿ ಚಂದ್ರಶೇಖರ್ ಅವರು ಆರಿಸಿಕೊಂಡ ದಾರಿ ಎಷ್ಟು ದೂರದೃಷ್ಟಿಯದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1995ರಲ್ಲಿ ಕೇಂದ್ರ ಸರ್ಕಾರದ ಆಗಿನ ಎಲೆಕ್ಟ್ರಾನಿಕ್ಸ್ ಇಲಾಖೆ ನಮ್ಮನ್ನು ಸ್ವಾಯತ್ತ ಸಂಸ್ಥೆಯಾಗಿ ತನ್ನ ಆಶ್ರಯಕ್ಕೆ ತೆಗೆದುಕೊಂಡಿತು. 2003ರಲ್ಲಿ ಕೇಂದ್ರವು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅಡಿಗೆ ಬಂತು. ಕೇಂದ್ರದ ಆರಂಭದ ಈ ವರ್ಷಗಳಲ್ಲಿ ಸಂಸ್ಥಾಪಕರಿಗೆ 1994ರಲ್ಲಿ ರಾಯಲ್ ಸೊಸೈಟಿಯ ರಾಯಲ್ ಪದಕ, 1998ರಲ್ಲಿ ಪದ್ಮಭೂಷಣ ಮತ್ತು ಯುನೆಸ್ಕೊದ ನೀಲ್ಸ್ ಬೋರ್ ಚಿನ್ನದ ಪದಕ ಸಂದವು. 2004ರ ಮಾರ್ಚ್ 8ರಂದು ಅವರು ನಮ್ಮನ್ನಗಲಿದರು. ಕೇಂದ್ರಕ್ಕೆ ಆಗಿನ್ನೂ ಹದಿಮೂರು ವರ್ಷ.

ಸಂಸ್ಥಾಪಕರು ಹೋದ ಮೇಲೆ ಸಂಸ್ಥೆ ಉಳಿಯುವುದು ಸುಲಭವಲ್ಲ. ನಮ್ಮಲ್ಲಿ ಅದು ಉಳಿದದ್ದು, ಬೆಳೆದದ್ದು, ಅವರು ತಯಾರು ಮಾಡಿದ ಜನರಿಂದ. 1977ರ ಆ ಲೇಖನದಲ್ಲಿ ಹೆಸರಿದ್ದ ಕೆ.ಎ. ಸುರೇಶ್ ಅವರೇ ಮುಂದೆ ನಿರ್ದೇಶಕರಾಗಿ ಕೇಂದ್ರವನ್ನು ಮುನ್ನಡೆಸಿದರು. ಎಸ್. ಕೃಷ್ಣಪ್ರಸಾದ್, ಡಿ.ಎಸ್. ಶಂಕರ್ ರಾವ್, ಗೀತಾ ಜಿ. ನಾಯರ್, ಸಿ.ವಿ. ಯಲಮಗ್ಗದ ಮೊದಲಾದ ವಿಜ್ಞಾನಿಗಳು ಪ್ರಚಾರ ಬಯಸದೆ ಪ್ರಯೋಗಾಲಯಗಳನ್ನು ಬೆಳೆಸಿದರು. 2010ರಲ್ಲಿ ಕೇಂದ್ರದ ಹೆಸರು ಸೆಂಟರ್ ಫಾರ್ ಸಾಫ್ಟ್ ಮ್ಯಾಟರ್ ರಿಸರ್ಚ್ ಎಂದಾಯಿತು. 2014ರಲ್ಲಿ ನ್ಯಾನೊ ವಿಜ್ಞಾನವೂ ಸೇರಿ ಈಗಿನ ಹೆಸರು ಬಂತು. ಹೆಸರು ಬದಲಾದಾಗ ಹಾದಿ ತಪ್ಪಿತೇ ಎಂದು ಕೆಲವರು ಕೇಳಿದ್ದುಂಟು. ನನ್ನ ದೃಢ ಅಭಿಪ್ರಾಯ ಬೇರೆ. ಎರಡು ಮೂರು ನ್ಯಾನೊಮೀಟರಿನ ಅಣುಗಳು ಯಾರ ಒತ್ತಾಯವೂ ಇಲ್ಲದೆ ತಾವಾಗಿ ಸಾಲುಗೂಡುವುದನ್ನು ಈ ಕೇಂದ್ರ ಮೊದಲ ದಿನದಿಂದಲೂ ಅಭ್ಯಾಸ ಮಾಡುತ್ತಿತ್ತು. ಅದೇ ಗುಣವನ್ನು ಬಳಸಿ ಲೋಹದ ಎಳೆಗಳನ್ನು, ತೆಳು ಪೊರೆಗಳನ್ನು, ಸಂವೇದಕಗಳನ್ನು ಕಟ್ಟುವುದು ಆ ಅಭ್ಯಾಸದ ಸಹಜ ಮುಂದುವರಿಕೆಯೇ.

ಈ ಹೊತ್ತಿಗೆ ಬೆಂಗಳೂರಿನ ಸುತ್ತ ಸೂಕ್ಷ್ಮ ತಂತ್ರಜ್ಞಾನಕ್ಕೆ ಒಂದು ಒಳ್ಳೆಯ ಪರಿಸರ ಮೂಡಿತ್ತು. ಪ್ರೊ. ಸಿ.ಎನ್.ಆರ್. ರಾವ್ ಅವರ ನೇತೃತ್ವದಲ್ಲಿ 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಆರಂಭವಾಗಿತ್ತು. 2007ರಲ್ಲಿ ರಾಷ್ಟ್ರೀಯ ನ್ಯಾನೊ ಮಿಷನ್ ಬಂತು. 2010ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ ತಲೆಯೆತ್ತಿತು. ಅಲ್ಲಿನ ನವಕಾಂತ ಭಟ್ ಅವರು ಅನಿಲ ಮತ್ತು ಜೈವಿಕ ಸಂವೇದಕಗಳ ಕೆಲಸಕ್ಕೆ 2018ರ ಇನ್ಫೋಸಿಸ್ ಪ್ರಶಸ್ತಿ ಪಡೆದಾಗ ನಮ್ಮ ಬಳಗವೂ ಹೆಮ್ಮೆಪಟ್ಟಿತು. ದೊಡ್ಡ ಸೌಕರ್ಯಗಳ ಆ ಸಂಸ್ಥೆಗಳ ನಡುವೆ ನಮ್ಮದು ಚಿಕ್ಕ ಮನೆ. ಆದರೂ ನಾವು ಕೈ ಹಾಕಿದ ಕೆಲಸಗಳಿಗೆ ನಮ್ಮದೇ ಮುದ್ರೆಯಿದೆ.

ಜಕ್ಕೂರಿನಿಂದ ಬಂದು ನಿರ್ದೇಶಕರಾದ ಪ್ರೊ. ಜಿ.ಯು. ಕುಲಕರ್ಣಿ ಅವರ ಕಾಲದ ಪಾರದರ್ಶಕ ವಾಹಕ ಗಾಜು ಅಂಥದ್ದೊಂದು. ಮೊಬೈಲಿನ ಸ್ಪರ್ಶ ಪರದೆಗೆ, ಸೌರಕೋಶಕ್ಕೆ, ಬೆಳಕನ್ನು ತಡೆದು ಬಿಡುವ ಕಿಟಕಿಗೆ, ಬೆಳಕೂ ಹಾಯಬೇಕು, ವಿದ್ಯುತ್ತೂ ಹರಿಯಬೇಕು ಎನ್ನುವಂಥ ಗಾಜು ಬೇಕು. ಸಾಮಾನ್ಯವಾಗಿ ಇದಕ್ಕೆ ಇಂಡಿಯಂ ಎಂಬ ದುಬಾರಿ ಲೋಹದ ಆಕ್ಸೈಡಿನ ಲೇಪ ಬೇಕಾಗುತ್ತದೆ. ಇಲ್ಲಿನವರು ಹಿಡಿದದ್ದು ಬೇರೆ ದಾರಿ. ಗಾಜಿನ ಮೇಲೆ ಒಂದು ರಾಳದ ದ್ರಾವಣವನ್ನು ತೆಳುವಾಗಿ ಸಿಂಪಡಿಸುತ್ತಾರೆ. ಒಣಗುತ್ತ ಬಂದಂತೆ ಅದು, ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯಂಗಳದಂತೆ, ಬಿರುಕು ಬಿಡುತ್ತದೆ. ಆ ಬಿರುಕುಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ನಿರ್ವಾತದಲ್ಲಿ ಅದರ ಮೇಲೆ ಲೋಹದ ಆವಿಯನ್ನು ಕೂರಿಸಿ, ಆಮೇಲೆ ರಾಳವನ್ನು ತೊಳೆದುಬಿಟ್ಟರೆ ಬಿರುಕಿನಲ್ಲಿ ಇಳಿದ ಲೋಹ ಮಾತ್ರ ಗಾಜಿನ ಮೇಲೆ ಜಾಲವಾಗಿ ಉಳಿಯುತ್ತದೆ. ಎಳೆಗಳು ಎಷ್ಟು ಸಣ್ಣವೆಂದರೆ ಕಣ್ಣಿಗೆ ಗಾಜು ಬರಿದಾಗಿಯೇ ಕಾಣುತ್ತದೆ, ವಿದ್ಯುತ್ ಮಾತ್ರ ಸರಾಗವಾಗಿ ಹರಿಯುತ್ತದೆ. ಈ ವಿಧಾನವನ್ನು ಪ್ರಯೋಗಾಲಯದಿಂದ ತಯಾರಿಕೆಯ ಮಟ್ಟಕ್ಕೆ ಒಯ್ಯಲು ಬೆಂಗಳೂರಿನ ಹಿಂದ್ ಹೈ ವ್ಯಾಕ್ಯೂಮ್ ಕಂಪನಿ ಕೈ ಜೋಡಿಸಿತು.

2020ರಲ್ಲಿ ಕೋವಿಡ್ ಬಂದಾಗ ಪ್ರಯೋಗಾಲಯ ಬಾಗಿಲು ಹಾಕಿ ಕೂರಲಿಲ್ಲ. ಪ್ರಳಯ್ ಸಾಂತ್ರಾ, ಆಶುತೋಷ್ ಸಿಂಗ್ ಮತ್ತು ಕುಲಕರ್ಣಿ ಅವರು ‘ಟ್ರೈಬೊ-ಇ’ ಎಂಬ ಮುಖಗವಸನ್ನು ರೂಪಿಸಿದರು. ಪಾಲಿಪ್ರೊಪಿಲೀನ್ ಬಟ್ಟೆಯ ಎರಡು ಪದರಗಳ ನಡುವೆ ನೈಲಾನ್ ಬಟ್ಟೆಯ ಒಂದು ಪದರ. ಪದರಗಳನ್ನು ಒಂದಕ್ಕೊಂದು ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ ಕ್ಷೇತ್ರ ಸೋಂಕಿನ ಕಣಗಳಿಗೆ ತಡೆಗೋಡೆಯಾಗುತ್ತದೆ. ಬ್ಯಾಟರಿ ಬೇಡ, ತೊಳೆದು ಮತ್ತೆ ಬಳಸಬಹುದು. ನೈಲಾನ್ ಸಿಗದಿದ್ದರೆ ಹಳೆಯ ರೇಷ್ಮೆ ಸೀರೆಯ ತುಂಡೂ ಆಗುತ್ತದೆ ಎಂದು ಅವರು ತಿಳಿಸಿದ್ದರು. ಲಾಕ್‌ಡೌನಿನಲ್ಲಿ ಮಗ್ಗಗಳ ಸದ್ದು ನಿಂತುಹೋಗಿದ್ದ ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ರೇಷ್ಮೆಯ ತುಂಡಿಗೆ ಎಂದೂ ಬರವಿಲ್ಲ. ಆ ಮಾತನ್ನು ಓದಿ ಈ ಸೀಮೆಯವನಾದ ನನಗೆ ಆದ ಸಂತೋಷವನ್ನು ಇಲ್ಲಿ ದಾಖಲಿಸದೆ ಇರಲಾರೆ. ಕುಲಕರ್ಣಿ ಅವರು ಮುಂದೆ ಜಕ್ಕೂರಿನ ತಮ್ಮ ಮೂಲ ಸಂಸ್ಥೆಗೇ ಅಧ್ಯಕ್ಷರಾಗಿ ಮರಳಿದರು. 2021ರಲ್ಲಿ ಪ್ರೊ. ಬಿ.ಎಲ್.ವಿ. ಪ್ರಸಾದ್ ಅವರು ಕೇಂದ್ರದ ಹೊಣೆ ಹೊತ್ತರು.

ದಾಸನಪುರ ಹೋಬಳಿಯ ಶಿವನಪುರದಲ್ಲಿ ಅರ್ಕಾವತಿ ಆವರಣ ಎದ್ದು ನಿಂತದ್ದು ನಮ್ಮ ಬೆಳವಣಿಗೆಯ ದೊಡ್ಡ ಮೆಟ್ಟಿಲು. ಜಾಲಹಳ್ಳಿಯ ಹಳೆಯ ಆವರಣದಲ್ಲಿ ಜಾಗ ಸಾಲದೆ ಇಕ್ಕಟ್ಟಿನಲ್ಲಿ ಬೆಳೆದ ಪ್ರಯೋಗಾಲಯಗಳಿಗೆ ಇಲ್ಲಿ ಕೈಕಾಲು ಚಾಚಲು ಅವಕಾಶವಾಯಿತು. ಆ ಹೆಸರನ್ನು ಇಟ್ಟವರಿಗೆ ವಿಶೇಷ ವಂದನೆ ಸಲ್ಲಬೇಕು. ಈ ನದಿಯ ಮೇಲಿನ ಪಾತ್ರದವರಾದ ನಮಗೆ ಅರ್ಕಾವತಿ ಎಂದರೆ ಹೆಮ್ಮೆಯೂ ಹೌದು, ನೋವೂ ಹೌದು. ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ಕೆಳಗಿರುವ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳಿಗೆ ನಗರದ ಕೊಳಚೆಯೂ ಕಾರ್ಖಾನೆಗಳ ನೀರೂ ಸೇರಿ ಊರವರು ವರ್ಷಗಟ್ಟಲೆ ಹೋರಾಡಿರುವುದು ಎಲ್ಲರಿಗೂ ತಿಳಿದ ವಿಷಯ. ಗಾಳಿಯಲ್ಲಿ ಏನಿದೆ, ನೀರಿನಲ್ಲಿ ಏನಿದೆ, ಎಷ್ಟಿದೆ ಎಂದು ನಿಖರವಾಗಿ ಹೇಳಬಲ್ಲ ಅಗ್ಗದ, ಪುಟ್ಟ ಸಾಧನ ನಮ್ಮಂಥ ಊರುಗಳಿಗೆ ಎಷ್ಟು ಮುಖ್ಯವೆಂದು ನಮಗೆ ಯಾರೂ ವಿವರಿಸಬೇಕಿಲ್ಲ. ಕೇಂದ್ರದ ಇತ್ತೀಚಿನ ಕೆಲಸಗಳಲ್ಲಿ ಅನಿಲ ಸಂವೇದಕಗಳನ್ನು ನಾನು ಎಲ್ಲಕ್ಕಿಂತ ಮೇಲಿಡುವುದು ಇದೇ ಕಾರಣಕ್ಕೆ.

ಯಲಮಗ್ಗದ ಅವರು ಸೌದಿ ಅರೇಬಿಯಾದ ವಿಜ್ಞಾನಿಗಳ ಜೊತೆಗೂಡಿ 2021ರಲ್ಲಿ ಪ್ರಕಟಿಸಿದ ವಿದ್ಯುನ್ಮಾನ ಮೂಗನ್ನೇ ನೋಡಿ. ಕೊಳಚೆ ಗುಂಡಿಯಲ್ಲಿ, ಚರಂಡಿಯಲ್ಲಿ, ಜೌಗಿನಲ್ಲಿ ಹುಟ್ಟುವ ಹೈಡ್ರೊಜನ್ ಸಲ್ಫೈಡ್ ಅನಿಲವನ್ನು ಅದು ಪತ್ತೆ ಮಾಡುತ್ತದೆ. ಮ್ಯಾನ್‌ಹೋಲಿಗೆ ಇಳಿದ ಪೌರಕಾರ್ಮಿಕರ ಜೀವ ತೆಗೆದ ಅನಿಲ ಇದು. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯೇ ಸತ್ತು ವಾಸನೆಯೂ ತಿಳಿಯದಂತಾಗುತ್ತದೆ. ಅಪಾಯ ಇರುವುದೇ ಅಲ್ಲಿ. ಈ ಸಾಧನದಲ್ಲಿ ಎರಡು ಪದರಗಳಿವೆ. ಮೇಲಿನ ಸರಂಧ್ರ ಪದರದಲ್ಲಿರುವ ವಿಶೇಷ ಸಾವಯವ ಅಣುಗಳು ಆ ಅನಿಲವನ್ನು ಆರಿಸಿ ಹಿಡಿಯುತ್ತವೆ. ಕೆಳಗಿನ ಪದರದಲ್ಲಿ ಹರಿಯುವ ವಿದ್ಯುತ್ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ನೂರು ಕೋಟಿ ಭಾಗ ಗಾಳಿಯಲ್ಲಿ ಸುಮಾರು 25 ಭಾಗದಷ್ಟು ಅನಿಲವಿದ್ದರೂ ಅದು ಗುರುತಿಸುತ್ತದೆ. ಬಯಲಿನಲ್ಲಿಟ್ಟರೂ ಸುಮಾರು ಎಂಟು ತಿಂಗಳು ತನ್ನ ಗುಣ ಕಳೆದುಕೊಳ್ಳುವುದಿಲ್ಲ. ಹೊಸ ಅಣುಗಳನ್ನು ಕಟ್ಟುವ ಈ ಕೌಶಲ ದ್ರವಸ್ಫಟಿಕಗಳ ರಸಾಯನಶಾಸ್ತ್ರದಲ್ಲಿ ಪಳಗಿದ ಕೈಯದು ಎಂಬುದನ್ನು ನಾವು ಮರೆಯಬಾರದು.

ಡಾ. ಎಸ್. ಅಂಗಪ್ಪನೆ ಅವರ ತಂಡ 2025ರಲ್ಲಿ ತೋರಿಸಿದ್ದು ಸಲ್ಫರ್ ಡೈಆಕ್ಸೈಡ್ ಸಂವೇದಕ. ವಾಹನದ ಹೊಗೆ, ಕಾರ್ಖಾನೆಯ ಚಿಮಣಿಗಳಿಂದ ಬರುವ ಈ ಅನಿಲ ಅಲ್ಪ ಪ್ರಮಾಣದಲ್ಲಿದ್ದರೂ ಉಸಿರಾಟದ ತೊಂದರೆ, ಆಸ್ತಮಾ ತರುತ್ತದೆ. ತಂಡದವರು ಎರಡು ಆಕ್ಸೈಡುಗಳನ್ನು ಒಂದಾಗಿ ಬೆಸೆದರು. ನಿಕಲ್ ಆಕ್ಸೈಡ್ ಅನಿಲವನ್ನು ಹಿಡಿಯುತ್ತದೆ; ನಿಯೊಡೈಮಿಯಂ ಸೇರಿದ ಇನ್ನೊಂದು ಆಕ್ಸೈಡ್ ಆ ಸುದ್ದಿಯನ್ನು ವಿದ್ಯುತ್ ಸಂಕೇತವಾಗಿ ಸಾಗಿಸುತ್ತದೆ. ನೂರು ಕೋಟಿಯಲ್ಲಿ 320 ಭಾಗದಷ್ಟು ಕಡಿಮೆ ಪ್ರಮಾಣವನ್ನೂ ಅದು ಕಂಡುಹಿಡಿಯಿತು. ಅಷ್ಟಕ್ಕೇ ನಿಲ್ಲಿಸದೆ, ಕೈಯಲ್ಲಿ ಹಿಡಿದು ಒಯ್ಯಬಹುದಾದ ಮಾದರಿಯೊಂದನ್ನೂ ತಯಾರಿಸಿದರು. ಹಸಿರು ಬೆಳಕು ಬಂದರೆ ಗಾಳಿ ಸುರಕ್ಷಿತ, ಹಳದಿ ಬಂದರೆ ಎಚ್ಚರ, ಕೆಂಪು ಬಂದರೆ ಅಪಾಯ. ವಿಜ್ಞಾನ ಓದದ ಕಾರ್ಮಿಕನಿಗೂ, ಶಾಲೆಯ ಮಗುವಿಗೂ ಅದು ಅರ್ಥವಾಗುತ್ತದೆ. ಸಂಶೋಧನೆಯ ಫಲ ಜನರ ಕೈಗೆ ತಲುಪಬೇಕೆಂಬ ಸಂಸ್ಥಾಪಕರ ಆಸೆ ಇಷ್ಟು ನೇರವಾಗಿ ಈಡೇರಿದ್ದನ್ನು ಕಂಡು ನಾವು ಧನ್ಯರಾಗಿದ್ದೇವೆ.

ಈ ಸಂದರ್ಭದಲ್ಲಿ, ಮೊದಲ ಆಶ್ರಯ ಕೊಟ್ಟ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗೆ, ಪೋಷಿಸಿಕೊಂಡು ಬಂದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಗೆ, ತವರಿನಂತಿರುವ ರಾಮನ್ ಸಂಶೋಧನಾ ಸಂಸ್ಥೆಗೆ, ಸಂಸ್ಥಾಪಕರಿಗೆ ಮೊದಲ ಪ್ರಯೋಗಶಾಲೆ ಕೊಟ್ಟ ಮೈಸೂರು ವಿಶ್ವವಿದ್ಯಾಲಯಕ್ಕೆ ಕೇಂದ್ರದ ಇಡೀ ಬಳಗದ ನಮನಗಳು. ಹೆಸರು ಎಲ್ಲಿಯೂ ಅಚ್ಚಾಗದಿದ್ದರೂ ನಿರ್ವಾತ ಯಂತ್ರಗಳನ್ನು, ಸೂಕ್ಷ್ಮದರ್ಶಕಗಳನ್ನು ರಾತ್ರಿ ಹಗಲೆನ್ನದೆ ನೋಡಿಕೊಂಡ ತಾಂತ್ರಿಕ ಸಿಬ್ಬಂದಿಗೂ ಅಷ್ಟೇ ಗೌರವ ಸಲ್ಲಬೇಕು. ಕೇಂದ್ರದ ಸಂವೇದಕಗಳು ಬೇಗನೆ ತಯಾರಿಕೆಗೆ ಬಂದು, ಬಾಶೆಟ್ಟಿಹಳ್ಳಿಯ ಕೈಗಾರಿಕಾ ಬೀದಿಗಳಲ್ಲಿ, ಅರ್ಕಾವತಿ ಪಾತ್ರದ ಕೆರೆ ಏರಿಗಳ ಮೇಲೆ, ಪೌರಕಾರ್ಮಿಕರ ಸೊಂಟಪಟ್ಟಿಯಲ್ಲಿ ಕೆಲಸಕ್ಕೆ ನಿಲ್ಲಲಿ ಎಂಬುದು ಈ ಸೀಮೆಯ ನಮ್ಮೆಲ್ಲರ ಕೋರಿಕೆ. ಅದಕ್ಕೆ ಬೇಕಾದ ಸಹಕಾರವನ್ನು ಕೊಡಲು ನಾವು ಸಿದ್ಧರಿದ್ದೇವೆ.